ಮಿಲಿಟ್ರಿ ಲಾರಿಗೆ ಟೈರು ಹಾಕಿದ ಬೇಸಿಗೆ

ಹೋದ ವಾರ ಹರಿಹರದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ನಮ್ಮ ಅಂಗಡಿಯ ಮಂಜ ಹಳೇ ಲಾರಿಯ ಗಾಲಿಯೊಂದನ್ನು ಬಿಚ್ಚಿದ. ಟೈರನ್ನು ಎತ್ತಿ ನಿಲ್ಲಿಸಿ ನೆಲಕ್ಕೆ ಕುಕ್ಕಿದ. ಒಳಗಿನಿಂದ ಬಿಳಿ ಪುಡಿ ಸುರಿದು ಅವನ ಪಾದದ ಮೇಲೆಲ್ಲ ಬಿತ್ತು.

ಟ್ಯೂಬು ಟೈರಿಗೆ ಅಂಟಿಕೊಳ್ಳಬಾರದು ಅಂತ ಒಳಗೆ ಹಾಕುವ ಚಾಕ್ ಪುಡಿ ಅದು. ರಬ್ಬರಿನ ಜೊತೆ ವರ್ಷಗಟ್ಟಲೆ ಇದ್ದರೆ ಅದಕ್ಕೊಂದು ವಾಸನೆ ಬರುತ್ತದೆ. ಶಾಲೆಯ ಕರಿಹಲಗೆ ಒರೆಸುವ ಬಟ್ಟೆಯದ್ದೂ ಹೊಸ ಚಪ್ಪಲಿಯದ್ದೂ ಸೇರಿದ ಹಾಗಿನ ವಾಸನೆ. ಮಂಜ ಗಾಳಿಯ ಪೈಪು ತಂದು ಪುಡಿಯನ್ನೆಲ್ಲ ಊದಿಬಿಡಲು ಹೊರಟಿದ್ದ.

"ತಡಿಯೋ" ಅಂದೆ.

"ಯಾಕಕ್ಕಾ? ಕಸ ಅದು."

"ಚಾ ಕುಡಕಂಡು ಬಾ ಹೋಗು" ಅಂದೆ. ಅವನು ಒಂದು ಸಲ ನನ್ನ ಮುಖ ನೋಡಿ, ಪೈಪು ಇಟ್ಟು ಹೋದ. ನಾನು ಟೈರಿನ ಪಕ್ಕ ಮರದ ಸ್ಟೂಲ್ ಎಳೆದುಕೊಂಡು ಕೂತೆ. ಆ ಪುಡಿಯನ್ನು ಒಳಗೆ ಸವರಿದ್ದು ನಮ್ಮವರು. ಅವರು ಹೋಗಿ ಆರು ತಿಂಗಳ ಮೇಲಾಯಿತು. ಅವರ ಅಂಗಿಗಳನ್ನು ಕೊಟ್ಟಾಯಿತು, ಚಪ್ಪಲಿ ಕೊಟ್ಟಾಯಿತು. ಅವರ ಕೈ ಮುಟ್ಟಿದ್ದು ಇಲ್ಲಿ ಹೀಗೆ ಬಚ್ಚಿಟ್ಟುಕೊಂಡು ಕೂತಿರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಅದು ತೊಂಬತ್ತರ ದಶಕ ಮುಗಿಯುತ್ತ ಬಂದ ಒಂದು ಬೇಸಿಗೆ. ನಮ್ಮ ಮದುವೆಯಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ದಾವಣಗೆರೆಯ ವಿನೋಬನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಪಿ.ಬಿ. ರಸ್ತೆಯಲ್ಲಿ ತಗಡಿನ ಸೂರಿನ ಟೈರ್ ಅಂಗಡಿ. ಹಾಲೇಶ ಅಂತ ನಮ್ಮವರ ಹೆಸರು. ಆ ವರ್ಷದ ಬಿಸಿಲು ಹೇಗಿತ್ತೆಂದರೆ ಮಧ್ಯಾಹ್ನ ಅಂಗಡಿಯ ಕಬ್ಬಿಣದ ಸಾಮಾನು ಮುಟ್ಟಬೇಕಾದರೆ ಒದ್ದೆ ಗೋಣಿಚೀಲ ಹಿಡಿಯಬೇಕಿತ್ತು. ನಾನು ಬುತ್ತಿ ತಗೊಂಡು ಹೋದವಳು ಬಿಸಿಲಿಳಿಯುವ ತನಕ ಅಲ್ಲೇ ಉಳಿದು ಟ್ಯೂಬು ನೀರಲ್ಲಿ ಮುಳುಗಿಸಿ ತೂತು ಹುಡುಕಿ ಕೊಡುತ್ತಿದ್ದೆ. ನೀರಿನ ತೊಟ್ಟಿಯ ಹತ್ತಿರ ಕೂತರೆ ಅಷ್ಟೇ ತಂಪು.

ಸ್ಕೂಟರು, ಆಟೋ, ಕಾರು. ಇಷ್ಟೇ ನಮ್ಮ ಅಂಗಡಿಗೆ ಬರುತ್ತಿದ್ದದ್ದು. ಲಾರಿ ಬಂದರೆ ನಮ್ಮವರು ಎದ್ದು ಹೋಗಿ, "ಮುಂದೆ ಹೋಗ್ರಿ, ಪೆಟ್ರೋಲ್ ಬಂಕ್ ಪಕ್ಕ ಚಲೋ ಮಾಡ್ತಾರೆ" ಅಂತ ಕೈ ತೋರಿಸಿ ಕಳಿಸುತ್ತಿದ್ದರು. ಆಮೇಲೆ ಆ ಲಾರಿ ತಿರುಗುವ ತನಕ ಅದರ ಹಿಂದಿನ ಗಾಲಿಗಳನ್ನೇ ನೋಡುತ್ತ ನಿಲ್ಲುತ್ತಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು. ಮದುವೆಗೆ ಮುಂಚೆ ಅವರು ಲಾರಿ ಸ್ಟ್ಯಾಂಡಿನಲ್ಲಿ ಖಾಸಿಂ ಸಾಬರ ಹತ್ತಿರ ಕೆಲಸ ಕಲಿತವರು. ಲಾರಿ ಗಾಲಿಯಲ್ಲಿ ಟೈರನ್ನು ಹಿಡಿದಿಡುವ ಒಂದು ಕಬ್ಬಿಣದ ಬಳೆ ಇರುತ್ತದೆ, ಲಾಕ್ ರಿಂಗ್ ಅನ್ನುತ್ತಾರೆ. ಒಂದು ದಿನ ಗಾಳಿ ತುಂಬುವಾಗ ಅದು ಸಿಡಿಯಿತು. ಆ ಬಳೆ ನಮ್ಮವರ ಎಡಗೈಯನ್ನು ಮುರಿದು, ತಾನು ಹಾರಿಹೋಗಿ, ಎದುರಿನ ಬೇವಿನ ಮರದ ಕೊಂಬೆಗೆ ಸಿಕ್ಕಿಕೊಂಡಿತು. ಕೈ ಕೂಡಿತು. ಬಳೆ ಮಾತ್ರ ಮರದಲ್ಲೇ ಉಳಿಯಿತು. ಹೊಸಬರು ಯಾರಾದರೂ ಬಂದರೆ ಸ್ಟ್ಯಾಂಡಿನವರು ಮೇಲೆ ಬೆರಳು ಮಾಡಿ, "ಅಕಾ ನೋಡು, ಹಾಲೇಶನ ಬಳೆ" ಅಂತ ತೋರಿಸುತ್ತಿದ್ದರು. ನಮ್ಮವರು ನಗುತ್ತಿದ್ದರು. ಆದರೆ ಆ ರಸ್ತೆಯಲ್ಲಿ ಹೋಗಬೇಕಾದಾಗ ಸುತ್ತು ಬಳಸಿ ಹೋಗುತ್ತಿದ್ದರು. ದೊಡ್ಡ ಗಾಲಿಗೆ ಕೈ ಹಾಕದ ಟೈರಿನವನು ತನ್ನ ಕಣ್ಣಿಗೆ ತಾನೇ ಅರ್ಧ ಆಗಿರುತ್ತಾನೆ. ಅದನ್ನು ಅವರು ಬಾಯಲ್ಲಿ ಹೇಳಿದ್ದಿಲ್ಲ.

ಅಂಥ ಒಂದು ಮಧ್ಯಾಹ್ನ ಬಿಳಿ ಧೋತರದ ದೊಡ್ಡಾಳೊಬ್ಬರು ಕಾರಿನಿಂದ ಇಳಿದು ನಮ್ಮ ತಗಡಿನ ಕೆಳಗೆ ತಲೆ ಬಗ್ಗಿಸಿ ಬಂದರು. ಹರಿಹರದ ಮುರಿಗೆಪ್ಪ ಸಾಹುಕಾರ್ರು. ಅಕ್ಕಿ ಗಿರಣಿ, ನಂದಿಗುಡಿ ಕಡೆ ಗದ್ದೆ, ಹಳೇ ಮನೆತನ.

"ಹಾಲೇಶಪ್ಪ ಅಂದ್ರೆ ನೀನೇನಪ್ಪಾ?"

"ಹೌದ್ರಿ. ಕೂಡ್ರಿ."

"ಕೂಡಾಕೆ ಬಂದಿಲ್ಲ. ನನ್ನ ಹತ್ರ ಎರಡು ಲಾರಿ ಅದಾವೆ. ಬ್ರಿಟಿಷರವು, ಮಿಲಿಟ್ರಿವು. ಯುದ್ಧ ಮುಗಿದ ಮ್ಯಾಲೆ ನಮ್ಮಪ್ಪ ಹರಾಜಿನಾಗೆ ಹಿಡಿದದ್ದು. ಇಪ್ಪತ್ತು ವರ್ಷ ಹುಣಸೆಮರದ ಕೆಳಗೆ ನಿಂತಿದ್ವು. ಈಗ ಇಂಜಿನ್ ಮಾಡಿಸೀನಿ, ಬಣ್ಣ ಹೊಡಿಸೀನಿ. ಕಾಲು ಒಂದು ಇಲ್ಲ. ಟೈರ್ ಹಾಕಬೇಕು."

"ನಾನು ಲಾರಿ ಕೆಲಸ ಮಾಡಲ್ರಿ."

"ಅವು ಲಾರಿ ಅಲ್ಲಪ್ಪಾ, ನಮ್ಮನಿ ಹಿರೇರು ಇದ್ದಂಗೆ."

ನಮ್ಮವರು ಸ್ಕೂಟರಿನ ಟ್ಯೂಬು ಉಜ್ಜುತ್ತಲೇ ಇದ್ದರು. ಸಾಹುಕಾರ್ರು ಬಿಡಲಿಲ್ಲ. ಬೇಸಿಗೆ ಭತ್ತದ ಒಕ್ಕಣೆ ಮುಗಿಯುತ್ತಿದ್ದ ಹಾಗೆ ಮೊದಲನೇ ಲೋಡನ್ನು ನಂದಿಗುಡಿಯ ದಾಸೋಹಕ್ಕೆ ಕಳಿಸುವುದು ಅವರ ಮನೆಯ ಪದ್ಧತಿ. ಅವರ ತಂದೆ ಇರುವ ತನಕ ಆ ಲೋಡು ಇದೇ ಲಾರಿಗಳಲ್ಲಿ ಹೋಗುತ್ತಿತ್ತಂತೆ. ಈ ವರ್ಷ ಮತ್ತೆ ಹಾಗೇ ಕಳಿಸಬೇಕು, ಮಳೆ ಹಿಡಿದರೆ ಕಾಲುವೆ ದಾರಿ ಕೆಸರಾಗುತ್ತದೆ, ಅದರ ಒಳಗೆ ಆಗಬೇಕು ಅಂದರು.

"ಆ ಗಾಲಿ ಬ್ಯಾರೇ ಥರ ಅದಾವೆ. ಲಾರಿ ಸ್ಟ್ಯಾಂಡಿನಾಗೆ ಯಾರೂ ಮುಟ್ಟಲ್ಲ ಅಂದ್ರು. ಖಾಸಿಂ ಸಾಬ್ರು ಏನಂದ್ರು ಗೊತ್ತೇನು? 'ಆ ಗಾಲಿ ತಿಳಿದೋರು ಈ ಊರಾಗೆ ಇಬ್ರು. ನಂದು ಕಣ್ಣು ಹೋಗ್ಯಾವೆ, ಹಾಲೇಶಂದು ಧೈರ್ಯ ಹೋಗೈತೆ. ಎರಡರಾಗೆ ಯಾವುದು ವಾಪಸ್ ಬರ್ತೈತೋ ನೋಡ್ರಿ' ಅಂದ್ರು."

ನಮ್ಮವರ ಕೈ ನಿಂತಿತು. ನಾನು ತೊಟ್ಟಿಯ ಹತ್ತಿರ ಕೂತವಳು ಎದ್ದು ನಿಂತೆ. ಅವರ ಮುಖದಲ್ಲಿ ಒಲ್ಲೆ ಅನ್ನುವ ಮಾತು ಇರಲಿಲ್ಲ.

ಮನೆಯಲ್ಲಿ ಅದೇ ಜಗಳ. "ಬ್ಯಾಡ ಅನ್ರಿ. ಒಂದು ಸಲ ಕೈ ಹೋಗಿತ್ತು, ಈ ಸಲ ತಲೆ ಹೋದ್ರೆ?" ಅಂದೆ. ಅವರು ಊಟ ಮಾಡುತ್ತ ಕೂತಿದ್ದರು. ಮಾರನೇ ದಿನ ಖಾಸಿಂ ಸಾಬರು ಆಟೋ ಮಾಡಿಕೊಂಡು ಮನೆಗೇ ಬಂದರು. ಎರಡೂ ಕಣ್ಣಿಗೆ ಪೊರೆ, ಬಿಳಿ ಗಡ್ಡ, ಕೈಯಲ್ಲಿ ಕೋಲು. ನಾನು ಸಿಟ್ಟಿಗೆ ಸಕ್ಕರೆ ಇಲ್ಲದ ಚಾ ತಂದಿಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಬೇಟಿ, ಸಕ್ಕರೆ ಮರ್ತೀಯಾ. ಸಿಟ್ಟು ಮಾತ್ರ ಭರ್ತಿ ಹಾಕೀಯಾ."

ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದೆ.

"ಇವನಿಗೆ ಹುಕುಂ ಮಾಡಾಕೆ ಬಂದಿಲ್ಲಮ್ಮಾ ನಾನು. ಇವನು ರಸ್ತೆ ತಪ್ಪಿಸಿ ತಿರುಗ್ತಾನಲ್ಲ, ಅದು ನನ್ನ ಎದಿ ಚುಚ್ತೈತೆ. ನನ್ನ ಅಂಗಡಿನಾಗೆ ಮುರಿದ ಕೈ ಅದು. ನಾನೂ ಬರ್ತೀನಿ, ಬಾಜೂಕೆ ಕೂಡ್ತೀನಿ. ಬಾಕಿ ನಿಮಗೆ ಬಿಟ್ಟದ್ದು."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಯೋಚನೆ ಮಾಡಿ ಹೇಳಿದೆ: "ಹಂಗಾದ್ರೆ ನಾನೂ ಬರ್ತೀನಿ. ನಾನು ಬ್ಯಾಡ ಅಂದ ತಕ್ಷಣ ಕೈ ಬಿಡಬೇಕು. ಯಾಕ, ಏನು ಅಂತ ಕೇಳಂಗಿಲ್ಲ."

"ಆತು ಫೋರ್‌ಮನ್ನಮ್ಮಾ" ಅಂದರು ನಮ್ಮವರು. ಆ ದಿನದಿಂದ ನನ್ನ ಹೆಸರು ಅದೇ ಆಯಿತು.

ಟೈರು ಸಿಕ್ಕಿದ್ದೇ ಒಂದು ತಮಾಷೆ. ಅಳತೆ ನೋಡಿದರೆ ಟ್ರ್ಯಾಕ್ಟರ್ ಟ್ರೇಲರಿನ ಟೈರೇ ಕೂಡುತ್ತಿತ್ತು. ಅದನ್ನು ಹೇಳಿದ್ದೇ ತಡ ಸಾಹುಕಾರ್ರು ಮುಖ ಕೆಂಪಗೆ ಮಾಡಿಕೊಂಡರು. "ನಮ್ಮಪ್ಪನ ಕಾಲಿಗೆ ಹವಾಯಿ ಚಪ್ಪಲಿ ಹಾಕ್ತೀಯೇನಪ್ಪಾ?" ಕೊನೆಗೆ ಪುಣೆಯಲ್ಲಿ ಹಳೇ ಮಿಲಿಟ್ರಿ ಸಾಮಾನು ಮಾರುವವರೊಬ್ಬರ ಹತ್ತಿರ ಮೈಮೇಲೆ ನೆಲ ಕಚ್ಚುವ ದಪ್ಪ ದಪ್ಪ ರಬ್ಬರ್ ಗಟ್ಟಿಗಳಿರುವ ಟೈರುಗಳು ಸಿಕ್ಕವು. ಯಾರೂ ಬಳಸದೆ ಗೋದಾಮಿನಲ್ಲಿ ಇಟ್ಟಿದ್ದವು. ಲಾರಿ ಪಾರ್ಸೆಲ್ಲಿನಲ್ಲಿ ಬಂದು ಇಳಿದಾಗ ಕಲ್ಲಿನ ಹಾಗೆ ಬಿರುಸಾಗಿದ್ದವು.

"ಬಿಸಿಲಿಗೆ ಹಾಕ್ರಿ" ಅಂದರು ಖಾಸಿಂ ಸಾಬರು. "ಮೆತ್ತಗೆ ಆಗ್ತಾವೆ. ಈ ಊರ ಬಿಸಿಲಿಗೆ ಸಾಹುಕಾರ್ರೂ ಮೆತ್ತಗೆ ಆಗ್ತಾರೆ."

ಗಿರಣಿಯ ಕಣದಲ್ಲಿ ಭತ್ತ ಹರವಿದ್ದರು. ಅದರ ಪಕ್ಕ ಸಾಲಾಗಿ ಟೈರು. ಕಾಲಲ್ಲಿ ಭತ್ತ ಎಳೆದು ತಿರುವುತ್ತಿದ್ದ ಹೆಂಗಸರಿಗೆ ನಗುವೋ ನಗು. ಅವರಲ್ಲಿ ಹಿರಿಯಳು ಕೆಂಚವ್ವ, ಹದಡಿ ಕಡೆಯವಳು. "ಏನವ್ವಾ, ಹಪ್ಪಳ ಒಣಗಾಕೀಯಾ?" ಅಂತ ಕೇಳಿದಳು. ನಾನು ದಿನಾ ಬೆಳಿಗ್ಗೆ ನಮ್ಮವರ ಜೊತೆ ದಾವಣಗೆರೆಯಿಂದ ಬಸ್ಸಿನಲ್ಲಿ ಬಂದು ಸಂಜೆ ಅವರ ಜೊತೆಗೇ ಹೋಗುವುದನ್ನು ನೋಡಿ, "ಗಂಡ ಓಡಿಹೋಗ್ತಾನಂತ ಕಾಯ್ತೀಯೇನವ್ವಾ? ಆ ಕೈನಾಗೆ ಎಷ್ಟು ದೂರ ಓಡ್ತಾನೆ ಬಿಡು" ಅಂತಲೂ ಅಂದಳು.

ಆದರೆ ಗಾಲಿಗೆ ಕೈ ಹಾಕಿದ ಮೊದಲನೇ ದಿನ ಶುರುವಿಗೆ ಯಾರೂ ನಗಲಿಲ್ಲ. ಅದನ್ನು ಹೇಳಬೇಕು.

ಅವತ್ತು ನಾವು ಖಾಸಿಂ ಸಾಬರ ಜೊತೆ ಗಿರಣಿಯ ಗೇಟು ದಾಟಿ ಒಳಗೆ ಬಂದಾಗ ಎರಡೂ ಲಾರಿಗಳು ಹುಣಸೆಮರದ ನೆರಳಲ್ಲಿ ನಿಂತಿದ್ದವು. ಗಿಡ್ಡ ಮೂತಿ, ಅಗಲ ಮೈ, ಎಲೆಹಸಿರು ಬಣ್ಣ. ಚಂದ ಇದ್ದವು. ಬಣ್ಣ ಹೊಡೆದ ಪೇಂಟರ್ ನಾಗಪ್ಪ ಪಕ್ಕದಲ್ಲಿ ಮದುಮಗನ ತಂದೆಯ ಹಾಗೆ ನಿಂತಿದ್ದ. ಮುಂದಿನ ಲಾರಿಯ ಗಾಲಿಯ ಎದುರಿಗೆ ಮರದ ಸ್ಟೂಲಿನ ಮೇಲೆ, ಧೋತರ ಮೇಲೆತ್ತಿ ಕಟ್ಟಿ, ಬನಿಯನ್ನಿನಲ್ಲಿ ಮುರಿಗೆಪ್ಪ ಸಾಹುಕಾರ್ರು ಕೂತಿದ್ದರು. ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ.

"ಬರ್ರಿ ಬರ್ರಿ! ನಿಮಗೆ ಕೆಲಸ ಹಗುರ ಆಗ್ಲಿ ಅಂತ ನಾನೇ ಶುರು ಮಾಡೀನಿ. ಅರ್ಧ ನಟ್ಟು ಬಿಚ್ಚಿ ಆತು!"

ನಮ್ಮವರು ನಿಂತಲ್ಲೇ ನಿಂತರು.

"ಸಾಹುಕಾರ್ರೆ, ಕೈ ನಿಲ್ಲಿಸ್ರಿ." ಅವರ ಬಾಯಲ್ಲಿ ಆ ದನಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಅದರಾಗೆ ಗಾಳಿ ಐತೇನ್ರಿ?"

"ಐತಪ್ಪಾ. ಹಳೇ ಟೈರೇ ಆದ್ರೂ ನೆರಳಿಗೆ ದೂಡಾಕೆ ಬೇಕಲ್ಲ ಅಂತ ಮೆಕ್ಯಾನಿಕ್ ನಿನ್ನೆ ತುಂಬಿದಾನೆ. ಯಾಕ?"

ಆ ಗಾಲಿಯ ರಚನೆ ಹೀಗೆ. ಎರಡು ಗಂಗಾಳಗಳನ್ನು ಬೆನ್ನಿಗೆ ಬೆನ್ನು ಕೂಡಿಸಿದ ಹಾಗೆ ಎರಡು ಕಬ್ಬಿಣದ ಹೋಳು, ಅವುಗಳ ಅಂಚಿನ ನಡುವೆ ಟೈರು. ಹೊರಸುತ್ತಿನ ನಟ್ಟುಗಳು ಈ ಎರಡು ಹೋಳನ್ನು ಒಂದಕ್ಕೊಂದು ಹಿಡಿದಿರುತ್ತವೆ. ಒಳಸುತ್ತಿನವು ಇಡೀ ಗಾಲಿಯನ್ನು ಲಾರಿಗೆ ಹಿಡಿದಿರುತ್ತವೆ. ಗಾಲಿ ಕಳಚಲು ಒಳಸುತ್ತು ಬಿಚ್ಚಬೇಕು. ಗಾಳಿ ಇರುವಾಗ ಹೊರಸುತ್ತು ಬಿಚ್ಚಿದರೆ ಎರಡು ಹೋಳೂ ಬಾಂಬಿನ ಹಾಗೆ ಸಿಡಿಯುತ್ತವೆ. ಅದಕ್ಕೇ ಮಿಲಿಟ್ರಿಯವರು ಮುಟ್ಟಬೇಡ ಅಂತ ಹೊರಸುತ್ತಿನ ನಟ್ಟುಗಳಿಗೆ ಮಾತ್ರ ಕೆಂಪು ಬಣ್ಣ ಬಳಿದಿದ್ದರು.

ಆದರೆ ಸಾಹುಕಾರ್ರ ಮನೆಯಲ್ಲಿ ಆ ಕೆಂಪನ್ನು ಯಾರೋ ಹಿರಿಯರು ಆಯುಧಪೂಜೆಯ ಕುಂಕುಮ ಅಂದುಕೊಂಡಿದ್ದರು. ವರ್ಷಾ ಆಯುಧಪೂಜೆಗೆ ಅದನ್ನು ಹೊಸದಾಗಿ ಬಳಿಸುತ್ತಿದ್ದರು. ಬಳಿಸುತ್ತ ಬಳಿಸುತ್ತ, ಹೊರಗಿನವಕ್ಕೆ ಕುಂಕುಮ ಇಟ್ಟು ಒಳಗಿನವನ್ನು ಬೋಳಾಗಿ ಬಿಡುವುದು ಚಂದ ಅಲ್ಲ ಅಂತ ಎಲ್ಲಕ್ಕೂ ಇಡಿಸಿದ್ದರು. ನಾಗಪ್ಪನೂ ಭಕ್ತಿಯಿಂದ ಹಾಗೇ ಮಾಡಿದ್ದ. ಒಂದು ನಟ್ಟು ಬಿಡದೆ ಎಲ್ಲವೂ ಕೆಂಪಗೆ ಹೊಳೆಯುತ್ತಿದ್ದವು. ಸಾಹುಕಾರ್ರು ಕೈಗೆ ಸುಲಭವಾಗಿ ಸಿಕ್ಕ ಹೊರಸುತ್ತಿನಿಂದ ಶುರು ಮಾಡಿದ್ದರು.

ನಮ್ಮವರು ಇದನ್ನು ಎರಡೇ ಮಾತಲ್ಲಿ ಹೇಳಿದರು. ಸಾಹುಕಾರ್ರ ಮುಖ ಬಿಳಿಚಿತು. ಪಾನಾ ನಟ್ಟಿನ ಮೇಲೇ ಇತ್ತು. ಅದನ್ನು ತೆಗೆಯಲೂ ಹೆದರಿಕೆ, ಹಿಡಿದಿರಲೂ ಹೆದರಿಕೆ.

"ನಿಧಾನಕ್ಕೆ ಪಾನಾ ಬಿಡ್ರಿ. ಎಡಗಡೆಗೆ ಎದ್ದು ಬರ್ರಿ. ಗಾಲಿ ಎದುರಿಗೆ ಯಾರೂ ನಿಲ್ಲಬ್ಯಾಡ್ರಿ. ಕೆಂಚವ್ವ, ಎಲ್ಲಾರ್ನೂ ಕರ್ಕಂಡು ಗಿರಣಿ ಹಿಂದೆ ಹೋಗವ್ವಾ."

ಜನ ಸರಿದರು. ಸಾಹುಕಾರ್ರೂ ಹೇಗೋ ಎದ್ದು ಬಂದರು. ಆ ಗಾಲಿ ಮಾತ್ರ ಅರ್ಧ ಬಿಚ್ಚಿದ ಕೆಂಪು ನಟ್ಟುಗಳೊಂದಿಗೆ ಹಾಗೇ ನಿಂತಿತ್ತು. ಯಾರಾದರೂ ಹತ್ತಿರ ಹೋಗಿ ಗಾಳಿ ಬಿಡಲೇಬೇಕು. ನಮ್ಮವರು ಜೇಬಿನಿಂದ ವಾಲ್ವಿನ ಚಿಕ್ಕ ಕೀಲಿ ತೆಗೆದರು. ನನ್ನ ಕಡೆ ತಿರುಗಿ ನೋಡಿದರು.

ಬ್ಯಾಡ ಅನ್ನುವ ಹಕ್ಕು ನನಗಿತ್ತು. ಆ ಮಾತು ಗಂಟಲಿಗೆ ಬಂದಿತ್ತು ಕೂಡ. ಆದರೆ ಅವರ ಮುಖ ನೋಡಿದೆ. ಭಯ ಇತ್ತು, ಇಲ್ಲ ಅನ್ನುವುದಿಲ್ಲ. ಅದರ ಜೊತೆಗೆ, ಅಂಗಡಿಯ ಎದುರಿನಿಂದ ಲಾರಿ ತಿರುಗಿ ಹೋಗುವಾಗ ನೋಡುತ್ತಿದ್ದರಲ್ಲ, ಆ ನೋಟ ಇರಲಿಲ್ಲ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಆಡಿಸಿದೆ. ಹೋಗ್ರಿ ಅಂತ.

ಅವರು ಗಾಲಿಯ ಮುಖಕ್ಕೆ ನೇರವಾಗಿ ಹೋಗಲಿಲ್ಲ. ಬಂಪರಿನ ಕಡೆಯಿಂದ ಸರಿದು, ನೆಲಕ್ಕೆ ಮಲಗಿ, ಬಲಗೈಯೊಂದನ್ನೇ ಚಾಚಿ ವಾಲ್ವಿಗೆ ಕೀಲಿ ಹಾಕಿದರು. ಒಂದು ತಿರುವು. ಗಾಳಿ ಸೀಟಿ ಹೊಡೆಯುತ್ತ ಹೊರಗೆ ಬಂತು. ನೆಲದ ಮೇಲಿನ ಭತ್ತದ ಹೊಟ್ಟು ಹಾರಿ ಅವರ ತಲೆಯ ಮೇಲೆಲ್ಲ ಕೂತಿತು. ಖಾಸಿಂ ಸಾಬರು ಗೋಡೆಯ ಮರೆಯಲ್ಲಿ ಕೋಲಿಗೆ ಗದ್ದ ಊರಿ ಕೇಳಿಸಿಕೊಳ್ಳುತ್ತಿದ್ದರು.

"ಇನ್ನೂ ಐತೆ... ಏಳಬ್ಯಾಡ ಬೇಟಾ... ಇನ್ನೂ ಐತೆ..." ಆ ಸೀಟಿ ಉಸಿರಾಯಿತು. ಉಸಿರೂ ನಿಂತಿತು. "ಹಾಂ. ಈಗ ಖಾಲಿ. ಏಳು."

ನಮ್ಮವರು ಎದ್ದು ಕೂತರು. ತಲೆಯ ತುಂಬ ಹೊಟ್ಟು. ನಾನು ಕೊಟ್ಟ ನೀರನ್ನು ಅರ್ಧ ಕುಡಿದು ಅರ್ಧ ಮೈಮೇಲೆ ಚೆಲ್ಲಿಕೊಂಡರು. ಆಮೇಲೆ ಸಾಹುಕಾರ್ರನ್ನು ನೋಡಿ, "ಈಗ ಬಿಚ್ರಿ. ಎಷ್ಟು ಬೇಕೋ ಅಷ್ಟು ಬಿಚ್ರಿ" ಅಂದರು.

ಮೊದಲು ನಕ್ಕವರು ಸಾಹುಕಾರ್ರೇ. ಆಮೇಲೆ ಅಂಗಳವೆಲ್ಲ ನಕ್ಕಿತು. ನಾಗಪ್ಪ ಮಾತ್ರ ಅಳುವ ಹಾಗಿದ್ದ. "ನಮ್ಮಪ್ಪನೂ ಎಲ್ಲಾಕ್ಕೂ ಕೆಂಪೇ ಹೊಡೀತಿದ್ದ ಧಣೇರೆ. ಪೂಜಿ ಬಣ್ಣ ಅಂದಕಂಡಿದ್ವಿ" ಅಂದ. ಸಾಹುಕಾರ್ರು ಅವನ ಬೆನ್ನು ತಟ್ಟಿದರು. "ಹೊರಗಿನವು ಕುಂಕುಮ ಇರ್ಲಿ. ಒಳಗಿನವಕ್ಕೆ ಬಿಳಿ ಹೊಡಿ, ವಿಭೂತಿ ಆತು. ಇಷ್ಟು ವರ್ಷ ನಮ್ಮ ಲಾರಿಗೆ ವಿಭೂತಿ ಹಚ್ಚದೇ ಇದ್ದದ್ದೇ ತಪ್ಪು ನೋಡು."

ಇವತ್ತಿಗೂ ಆ ಲಾರಿಗಳ ನಟ್ಟು ಹಾಗೇ ಇವೆ. ಹೊರಗೆ ಕೆಂಪು, ಒಳಗೆ ಬಿಳಿ.

ಆಮೇಲಿನ ದಿನಗಳನ್ನು ನೆನೆದರೆ ಹಬ್ಬದ ಮನೆಯ ಹಾಗೆ ಅನಿಸುತ್ತದೆ. ಹಳೇ ಟೈರುಗಳು ಕಬ್ಬಿಣಕ್ಕೆ ಕಚ್ಚಿಕೊಂಡಿದ್ದವು. ನಾಲ್ಕು ಜನ ಸೇರಿ ಬಡಿದು ಬಿಡಿಸುವುದು, ತುಕ್ಕು ಕೆರೆಯುವುದು, ಅಂಚಿಗೆ ಬಣ್ಣ, ಒಣಗುವ ತನಕ ಮಂಡಕ್ಕಿ ಮೆಣಸಿನಕಾಯಿ. ಸಾಹುಕಾರ್ರು ಧೋತರ ಎತ್ತಿಕಟ್ಟಿ ಎಲ್ಲದರಲ್ಲೂ ಕೈ ಹಾಕುವವರೇ. ಹೊಸ ಟೈರಿನೊಳಗೆ ಪುಡಿ ಹಾಕುವ ಕೆಲಸ ನನಗೆ ಬಂತು. ನಮ್ಮವರು ಹೇಳಿಕೊಟ್ಟದ್ದು ಇಷ್ಟೇ: "ರೊಟ್ಟಿ ಬಡಿಯೋವಾಗ ಹಿಟ್ಟು ಉದುರಿಸ್ತೀಯಲ್ಲ, ಹಂಗೆ." ನಾನು ಉದುರಿಸುತ್ತಿದ್ದೆ, ಅವರು ಒಳಗೆ ಕೈ ಬಿಟ್ಟು ಅಂಗೈಯಿಂದ ಸುತ್ತಲೂ ಸವರುತ್ತಿದ್ದರು. ಮೊಣಕೈ ತನಕ ಬೆಳ್ಳಗಾದ ಕೈ ನೋಡಿ ಕೆಂಚವ್ವ, "ಅಯ್ಯ, ನಿನ್ನ ಗಂಡ ಅಡಿಗಿ ಭಟ್ಟ ಆಗ್ಯಾನಲ್ಲವ್ವಾ" ಅನ್ನುತ್ತಿದ್ದಳು.

ಗಾಳಿ ತುಂಬುವುದೇ ದೊಡ್ಡ ಘಟ್ಟ. ಗಾಲಿಗೆ ಸರಪಳಿ ಸುತ್ತಿ, ಅದನ್ನು ಮೂಲೆಯಲ್ಲಿಟ್ಟು, ನಮ್ಮವರು ಸುತ್ತಲೂ ಭತ್ತದ ಚೀಲಗಳ ಗೋಡೆ ಕಟ್ಟಿಸಿದರು. ಉದ್ದ ಪೈಪು ಹಾಕಿ ಚೀಲಗಳ ಈಚೆ ಕೂತು ಗಾಳಿ ಬಿಡುವುದು. ಟೈರು ಉಬ್ಬುತ್ತ ಬಂದು ಅಂಚಿಗೆ ಕೂರುವಾಗ 'ಟಕ್' ಅಂತ ಒಂದು ಸದ್ದು ಬರುತ್ತದೆ. ಬರಲೇಬೇಕಾದ ಸದ್ದು ಅದು. ಮೊದಲನೇ ಗಾಲಿ ಟಕ್ ಅಂದಾಗ ಸಾಹುಕಾರ್ರು "ಶಿವನೇ" ಅಂತ ಖಾಸಿಂ ಸಾಬರ ತೊಡೆಯ ಮೇಲೇ ಕೂತುಬಿಟ್ಟರು.

"ಏಳ್ರಿ ಸಾಹುಕಾರ್ರೆ" ಅಂದರು ಸಾಬರು. "ಟೈರ್ ಅದರ ಜಾಗದಾಗೆ ಕೂತೈತೆ. ನೀವೂ ನಿಮ್ಮ ಜಾಗದಾಗೆ ಕೂಡ್ರಿ."

ಪ್ರತಿ ಗಾಲಿ ಮುಗಿದಾಗಲೂ ನಮ್ಮವರು ಅದರ ಮೇಲೆ ಎರಡು ಸಲ ತಟ್ಟಿ, "ಹೋಗ್ ಬಾ" ಅನ್ನುತ್ತಿದ್ದರು. ಸ್ಕೂಟರಿನ ಟೈರಿಗೆ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಲಾರಿ ಟೈರಿಗೆ ಮೊದಲಿಂದಲೂ ಹಾಗೇ ಹೇಳುತ್ತಿದ್ದರೆಂದು ಖಾಸಿಂ ಸಾಬರು ಆಮೇಲೆ ಹೇಳಿದರು. ದೂರ ಹೋಗುವ ಗಾಡಿ ಅಲ್ಲವೇ, ಹೋಗು ಅಂತಷ್ಟೇ ಅನ್ನಬಾರದು.

ಸೋಮವಾರ ಬೆಳಿಗ್ಗೆ ಎರಡೂ ಲಾರಿಗೆ ಭತ್ತದ ಚೀಲ ತುಂಬಿದರು. ಮೂತಿಗೆ ಮಾವಿನೆಲೆ ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು ಹೊರಟೆವು. ನಾನು, ಕೆಂಚವ್ವ, ಕಣದ ಹೆಂಗಸರು ಹಿಂದೆ ಚೀಲಗಳ ಮೇಲೆ. ಖಾಸಿಂ ಸಾಬರು ಮುಂದೆ ಡ್ರೈವರನ ಪಕ್ಕ. ನಮ್ಮವರು ಒಳಗೆ ಕೂರಲೇ ಇಲ್ಲ. ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ದಾರಿಯುದ್ದಕ್ಕೂ ಬಗ್ಗಿ ಗಾಲಿ ನೋಡುವುದೇ ಕೆಲಸ. ಹಳ್ಳದ ಸೇತುವೆಯ ನಟ್ಟನಡುವೆ ತಗಡು ಬಡಿದು ಲಾರಿ ನಿಲ್ಲಿಸಿದರು. ಕೆಳಗಿಳಿದು ಒಂದೊಂದೇ ಟೈರಿಗೆ ಅಂಗೈ ಇಟ್ಟು ಬಿಸಿ ನೋಡಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಹಿಂದೆ ಬಸ್ಸು, ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಒಬ್ಬ ಬಸ್ ಡ್ರೈವರು ತಲೆ ಹೊರಗೆ ಹಾಕಿ ಕೂಗಿದ: "ಏ ಯಪ್ಪಾ, ಯುದ್ಧ ಮುಗಿದು ಐವತ್ತು ವರ್ಷ ಆತು! ಗಾಡಿ ತೆಗಿ!"

"ಬಿಸಿ ಆಗಿಲ್ಲ!" ಅಂತ ನಮ್ಮವರು ನನ್ನ ಕಡೆ ನೋಡಿ ಕೂಗಿದರು. ಅಷ್ಟು ಅಗಲವಾಗಿ ನಕ್ಕ ಮುಖ ಅದು. ಕೆಳಗೆ ಬೇಸಿಗೆಯ ಹಳ್ಳ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಹಿಂದಿನವರೆಲ್ಲ ಬೈಯುತ್ತಿದ್ದರು. ನನಗೆ ಮಾತ್ರ ಯಾರೋ ಎದೆಯ ಮೇಲಿಂದ ಚೀಲ ಇಳಿಸಿದ ಹಾಗಾಗಿತ್ತು.

ದಾಸೋಹದ ಉಗ್ರಾಣದಲ್ಲಿ ಕೊನೆಯ ಚೀಲ ಇಳಿಸುವಾಗ ಪಡುವಣ ಕಡೆ ಗುಡುಗಿತು. ವಾಪಸ್ ಬರುವಾಗ ಕಾಲುವೆ ದಾರಿಯಲ್ಲಿ ವರ್ಷದ ಮೊದಲ ಮಳೆ ನಮ್ಮನ್ನು ಹಿಡಿಯಿತು. ದಾರಿ ಕೆಸರಾಯಿತು. ಹಿಂದೆ ಬರುತ್ತಿದ್ದ ಸಾಹುಕಾರ್ರ ಕಾರು ಹೂತು ನಿಂತಿತು. ಆ ದಪ್ಪ ಗಟ್ಟಿಯ ಟೈರುಗಳು ಮಾತ್ರ ಕೆಸರನ್ನು ತಿನ್ನುತ್ತ ಮುಂದೆ ಹೋದವು. ಕೊನೆಗೆ ಹಗ್ಗ ಕಟ್ಟಿ ಕಾರನ್ನೂ ಎಳೆದು ತಂದವು. "ನೋಡಿದ್ಯೇನಪ್ಪಾ, ಟ್ರೇಲರ್ ಟೈರ್ ಹಾಕಿದ್ರೆ ಇಲ್ಲೇ ಕೂತಿರ್ತಿದ್ವಿ" ಅಂತ ಸಾಹುಕಾರ್ರು ನೆನೆದುಕೊಂಡೇ ಊರೆಲ್ಲ ಕೇಳುವ ಹಾಗೆ ಹೇಳಿದರು.

ಮಾರನೇ ದಿನ 'ಮುಂದೆ ಹೋಗ್ರಿ' ಅನ್ನಿಸಿಕೊಳ್ಳಲು ಬಂದ ಲಾರಿಯೊಂದು ನಮ್ಮ ಅಂಗಡಿಯ ಎದುರಿಗೇ ನಿಂತಿತು. ನಮ್ಮವರು ಹೋಗಿ, "ಜಾಕ್ ಇಳಿಸ್ರಿ" ಅಂದರು. ಅದೇ ಮಳೆಗಾಲದಲ್ಲಿ ಲಾರಿ ಸ್ಟ್ಯಾಂಡಿನ ಬೇವಿನ ಮರಕ್ಕೆ ಏಣಿ ಹಾಕಿ ತಮ್ಮ ಬಳೆಯನ್ನು ತಾವೇ ಇಳಿಸಿಕೊಂಡು ಬಂದರು. ಅದನ್ನು ಎಸೆಯಬೇಕೋ ಇಡಬೇಕೋ ತಿಳಿಯದೆ ನಾನು ಮನೆಯ ಮುಂದಿನ ಮಲ್ಲಿಗೆ ಬಳ್ಳಿಯ ಬುಡಕ್ಕೆ ಪಾತಿಯಾಗಿ ಇಟ್ಟೆ. ಆಮೇಲೆ ಸ್ವಂತ ಮನೆ ಕಟ್ಟಿದಾಗ ಮಲ್ಲಿಗೆಯ ಜೊತೆ ಅದೂ ಬಂತು. ಈಗಲೂ ಅದರೊಳಗೇ ನೀರು ಹಾಕುತ್ತೇನೆ.

ಆ ಬೇಸಿಗೆಯ ನಂತರ ಅವರು ಎಷ್ಟೋ ಸಾವಿರ ದೊಡ್ಡ ಗಾಲಿಗಳಿಗೆ ಟೈರು ಹಾಕಿದರು. ನಾನು ಪ್ರತಿ ಸಲ ಹೆದರಿದೆ. ನಾನು ಹೆದರಿದ ಯಾವ ಗಾಲಿಯೂ ಅವರನ್ನು ಏನೂ ಮಾಡಲಿಲ್ಲ. ಹೋದ ಕಾರ್ತಿಕದಲ್ಲಿ, ಊಟ ಮಾಡಿ ಕೈ ತೊಳೆದು ಬಂದವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಆಟೋ ಬಂತು. ಆಸ್ಪತ್ರೆ ಮುಟ್ಟುವ ತನಕ ಅವರು ಉಳಿಯಲಿಲ್ಲ. ಮನೆ ಬಿಡುವಾಗ ದಿನಾ ಅವರು "ಹೋಗಿ ಬರ್ತೀನಿ" ಅನ್ನುವವರು, ನಾನು "ಹೋಗ್ ಬನ್ನಿ" ಅನ್ನುವವಳು. ಅವತ್ತಿನ ಗಡಿಬಿಡಿಯಲ್ಲಿ ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಮಂಜ ಚಾ ಕುಡಿದು ಬಂದ. ಅವನ ಹಿಂದೆ ಈಗ ಗಿರಣಿ ನೋಡಿಕೊಳ್ಳುವ ಸಾಹುಕಾರ್ರ ಮಗಳೂ ಬಂದಳು. ಸಾಹುಕಾರ್ರೂ ಇಲ್ಲ, ಖಾಸಿಂ ಸಾಬರೂ ಇಲ್ಲ. ಬೇಸಿಗೆ ಭತ್ತದ ಮೊದಲ ಲೋಡು ಮಾತ್ರ ವರ್ಷಾ ಆ ಲಾರಿಗಳಲ್ಲೇ ಹೋಗುತ್ತದೆ. ಬಿಸಿಲಿಗೆ ಟೈರು ಸೀಳು ಬಿಟ್ಟಿವೆ ಅಂತ ನಮಗೆ ಫೋನು ಮಾಡಿದ್ದು ಅವಳೇ.

"ಅಕ್ಕಾ, ಶುರು ಮಾಡ್ಲಾ?" ಅಂದ ಮಂಜ.

"ಪುಡಿ ನಾನು ಹಾಕ್ತೀನಿ" ಅಂದೆ. ಹೊಸ ಟೈರಿನೊಳಗೆ ಉದುರಿಸಿದೆ. ಸವರಲು ಅವನು ಕೈ ಮುಂದೆ ಮಾಡಿದ. ಬೇಡ ಅಂದು, ರವಿಕೆಯ ತೋಳು ಮೇಲೆತ್ತಿ ನಾನೇ ಒಳಗೆ ಕೈ ಬಿಟ್ಟು ಸುತ್ತಲೂ ಸವರಿದೆ. ಮೊಣಕೈ ತನಕ ಬೆಳ್ಳಗಾಯಿತು. ಕೆಳಗೆ ಬಿದ್ದಿದ್ದ ಹಳೇ ಪುಡಿಯಲ್ಲಿ ಒಂದು ಚಿಟಿಕೆ ತೆಗೆದು ಹೊಸದರ ಜೊತೆ ಬೆರೆಸಿದೆ. ಅದು ಯಾಕೆ ಅಂತ ಅವರಿಬ್ಬರೂ ಕೇಳಲಿಲ್ಲ.

ಈಗ ಗಾಳಿ ತುಂಬಲು ಕಬ್ಬಿಣದ ಬೋನಿದೆ, ಭತ್ತದ ಚೀಲ ಬೇಕಿಲ್ಲ. ಆದರೂ ಎಲ್ಲರನ್ನೂ ದೂರ ನಿಲ್ಲಿಸಿದೆ. ಟೈರು ಉಬ್ಬಿತು. ಟಕ್ ಅಂದಿತು. ಮಂಜ ಗಾಲಿಯನ್ನು ಉರುಳಿಸಿಕೊಂಡು ಬಂದು ಲಾರಿಗೆ ಕೂರಿಸಿ, ಒಳಸುತ್ತಿನ ಬಿಳಿ ನಟ್ಟುಗಳನ್ನು ಬಿಗಿದ.

ನಾನು ಹತ್ತಿರ ಹೋಗಿ ಎರಡು ಸಲ ತಟ್ಟಿದೆ. ಕರಿ ಟೈರಿನ ಮೇಲೆ ನನ್ನ ಅಂಗೈ ಬೆಳ್ಳಗೆ ಮೂಡಿತು.

"ಹೋಗ್ ಬನ್ನಿ" ಅಂದೆ.

"ಟೈರಿಗೂ ಬಹುವಚನಾನಾ ಅಕ್ಕಾ?" ಅಂತ ಮಂಜ ನಕ್ಕ.

"ಹೂಂ ಕಣೋ" ಅಂದು ನಾನೂ ನಕ್ಕೆ. "ಮುಂದಿನ ಗಾಲಿ ಬಿಚ್ಚು. ಮೊದಲು ಗಾಳಿ ಬಿಡು."